ಕ್ಯೂ ಜ್ವರ: ರಕ್ತಪರೀಕ್ಷೆ ಮಾಡಿಸುವ ಮತ್ತು ಫಲಿತಾಂಶ ಓದುವ ಕ್ರಮ

ಕುರಿಗಾಹಿಗಳು, ಪಶುವೈದ್ಯರು ಅಥವಾ ಕಸಾಯಿಖಾನೆಯ ಕೆಲಸಗಾರರು ತೀವ್ರ ಜ್ವರ, ತಲೆನೋವು, ಒಣಕೆಮ್ಮು ಎಂದು ಬಂದು, ಅದು ಮಲೇರಿಯಾ, ಡೆಂಗಿ, ಟೈಫಾಯ್ಡ್ ಯಾವುದೂ ಅಲ್ಲವೆಂದು ತಿಳಿದಾಗ, ವೈದ್ಯರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಎರಡು ಮೂರು ವಾರಗಳ ಹಿಂದೆ ಹಟ್ಟಿಯಲ್ಲಿ ಆಡು, ಕುರಿ ಮರಿ ಹಾಕಿತ್ತೇ, ಯಾವುದಾದರೂ ಕಂದು ಹಾಕಿತ್ತೇ? ಕ್ಯೂ ಜ್ವರಕ್ಕೆ ಕಾರಣವಾದ ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಬ್ಯಾಕ್ಟೀರಿಯಾ, ಸೋಂಕು ತಗುಲಿದ ಪ್ರಾಣಿಯ ಮಾಸಿನಲ್ಲಿ ಅಪಾರವಾಗಿರುತ್ತದೆ. ಮಾಸು ಒಣಗಿ ಧೂಳಿನಲ್ಲಿ ಬೆರೆತಾಗ ಉಸಿರಿನ ಮೂಲಕ ಮನುಷ್ಯರನ್ನು ಸೇರುತ್ತದೆ.

ಶಂಕೆ ಬಂದ ದಿನವೇ ರಕ್ತ ತೆಗೆಯಬೇಕು. ಜ್ವರ ಬಂದು ಎರಡು ವಾರ ಕಳೆಯುವ ಮುನ್ನ, ಇದರ ಔಷಧಿಯಾದ ಡಾಕ್ಸಿಸೈಕ್ಲಿನ್ ಕೊಡುವ ಮೊದಲು, ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್‌ಗೂ, ಬೇರೊಂದು ಖಾಲಿ ಟ್ಯೂಬಿನಲ್ಲಿ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಪರೀಕ್ಷೆಗೂ ಮಾದರಿ ಪಡೆಯಿರಿ. ಆದರೆ ವರದಿಗಾಗಿ ಔಷಧಿಯನ್ನು ತಡೆಹಿಡಿಯಬಾರದು. ಪ್ರತಿಕಾಯಗಳು ಕಾಣಿಸಿಕೊಳ್ಳಲು ಒಂದೆರಡು ವಾರ ಬೇಕಾಗುವುದರಿಂದ ಮೊದಲ ವರದಿ ನೆಗೆಟಿವ್ ಬಂದರೆ ರೋಗವಿಲ್ಲವೆಂದು ತೀರ್ಮಾನಿಸಲಾಗದು. ಮೂರರಿಂದ ಆರು ವಾರಗಳ ನಂತರ ಎರಡನೆಯ ಮಾದರಿ ಪಡೆದು, ಎರಡನ್ನೂ ಒಂದೇ ಪ್ರಯೋಗಾಲಯದಲ್ಲಿ ಐಎಫ್‌ಎ (ಹೊಳೆಯುವ ಬಣ್ಣದಿಂದ ಪ್ರತಿಕಾಯ ಅಳೆಯುವ) ವಿಧಾನದಿಂದ ಹೋಲಿಸಬೇಕು. ವರದಿಯಲ್ಲಿ ಫೇಸ್ 1, ಫೇಸ್ 2 ಎಂದರೆ ಈ ಬ್ಯಾಕ್ಟೀರಿಯಾದ ಎರಡು ರೂಪಗಳು, ಐಜಿಜಿ ಎಂದರೆ ಅವುಗಳ ವಿರುದ್ಧದ ಒಂದು ಬಗೆಯ ಪ್ರತಿಕಾಯ; 1:64 ಎಂದರೆ ಮಾದರಿಯನ್ನು 64 ಪಟ್ಟು ತೆಳುಗೊಳಿಸಿದರೂ ಪ್ರತಿಕಾಯ ಕಾಣುತ್ತದೆ ಎಂದರ್ಥ. ಫೇಸ್ 2 ಐಜಿಜಿ ಪ್ರಮಾಣ 1:64ರಿಂದ 1:256ಕ್ಕೆ, ಅಂದರೆ ನಾಲ್ಕು ಪಟ್ಟು ಏರಿದ್ದರೆ ಅದು ಹೊಸ ಸೋಂಕು. ಇದಕ್ಕೆ ಬದಲಾಗಿ ಫೇಸ್ 1 ಐಜಿಜಿ 1:1024 ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಫೇಸ್ 2ನ್ನು ಮೀರಿದ್ದರೆ, ದೀರ್ಘಕಾಲೀನ ಸೋಂಕನ್ನು ಶಂಕಿಸಿ ಹೃದಯದ ಕವಾಟಗಳನ್ನು ಪರೀಕ್ಷಿಸಲೇಬೇಕು. ಮೊದಲೇ ಕವಾಟದ ದೋಷವಿರುವವರು ಗುಣವಾದ ಮೇಲೂ ಎರಡು ವರ್ಷ ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಈ ಹೆಜ್ಜೆಯನ್ನು ಬಿಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿ.

ಜಾನುವಾರುಗಳಲ್ಲಿ ಲೆಕ್ಕವೇ ಬೇರೆ. ಎಲೈಸಾದಲ್ಲಿ (ಪ್ರತಿಕಾಯ ಹುಡುಕುವ ಇನ್ನೊಂದು ಪರೀಕ್ಷೆ) ಪಾಸಿಟಿವ್ ಬಂದ ಆಡು ಈಗ ಬ್ಯಾಕ್ಟೀರಿಯಾ ಹೊರಹಾಕದೇ ಇರಬಹುದು, ನೆಗೆಟಿವ್ ಬಂದದ್ದು ಹೊರಹಾಕುತ್ತಿರಬಹುದು. ಆದ್ದರಿಂದ ಎಲೈಸಾ ಹೇಳುವುದು ಇಡೀ ಮಂದೆಗೆ ಸೋಂಕು ತಟ್ಟಿದೆಯೇ ಎಂಬುದನ್ನು. ಒಂದು ಪ್ರಾಣಿಯನ್ನು ಮಾರಬೇಕೇ, ಇಟ್ಟುಕೊಳ್ಳಬೇಕೇ ಎಂಬುದನ್ನಲ್ಲ. ದೊಡ್ಡ ಮಂದೆಯಲ್ಲಿ ನೂರಕ್ಕೆ ಹತ್ತು ಪ್ರಾಣಿಗಳಾದರೂ ಪಾಸಿಟಿವ್ ಇದ್ದರೆ, ಪರೀಕ್ಷೆ ದೋಷರಹಿತವೆಂದಿಟ್ಟುಕೊಂಡು, ಕನಿಷ್ಠ ಒಂದನ್ನಾದರೂ ಶೇ. 95ರ ಭರವಸೆಯಿಂದ ಹಿಡಿಯಲು 29 ಪ್ರಾಣಿಗಳ ರಕ್ತ ಸಾಕು. ಆದರೆ ಅವುಗಳನ್ನು ಕೈಗೆ ಸಿಕ್ಕಂತೆ ಅಲ್ಲ, ಚೀಟಿ ಎತ್ತಿ ಆರಿಸಬೇಕು. ಪ್ರತಿ ಪ್ರಾಣಿಗೂ ಹೊಸ ಸೂಜಿ ಬಳಸಿ. ಕಂದು ಹಾಕಿದ ಪ್ರಾಣಿಯಿದ್ದರೆ ರಕ್ತದ ಜೊತೆಗೆ ಮಾಸು ಅಥವಾ ಯೋನಿಸ್ರಾವವನ್ನೂ ಪಿಸಿಆರ್‌ಗೆ ಕಳಿಸಿ. ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕೂಡ ಇದೇ ರೀತಿ ಕಂದು ಹಾಕಿಸುವುದರಿಂದ ಅದರ ಪರೀಕ್ಷೆಯನ್ನೂ ಒಟ್ಟಿಗೇ ಮಾಡಿಸುವುದು ಒಳಿತು. ಮಾಸನ್ನು ಮುಟ್ಟುವಾಗ ಕೈಗವಸು, ಎನ್-95 ಮಾಸ್ಕ್ ಕಡ್ಡಾಯ.

ಸಮೀಕ್ಷೆಯೊಂದರಲ್ಲಿ ಇಷ್ಟು ಶೇಕಡಾ ಜನ ಪಾಸಿಟಿವ್ ಎಂದು ಓದಿದಾಗ, ಅಷ್ಟು ಮಂದಿ ರೋಗಿಗಳೆಂದು ಅರ್ಥವಲ್ಲ. ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯುತ್ತವೆ, ಸೋಂಕಿತರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜ್ವರವೇ ಬಂದಿರುವುದಿಲ್ಲ. ರೋಗ ಕಡಿಮೆಯಿರುವಲ್ಲಿ ಪರೀಕ್ಷೆಯ ತಪ್ಪೂ ದೊಡ್ಡದಾಗಿ ಕಾಣುತ್ತದೆ: ಸಾವಿರ ಜನರಲ್ಲಿ 50 ಮಂದಿಗೆ ಸೋಂಕು ತಗುಲಿದ್ದು, ಪರೀಕ್ಷೆ ಅವರಲ್ಲಿ ಶೇ. 90 ಮಂದಿಯನ್ನು ಹಿಡಿದು, ಉಳಿದವರಲ್ಲಿ ಶೇ. 2 ಮಂದಿಯನ್ನು ತಪ್ಪಾಗಿ ಪಾಸಿಟಿವ್ ಎಂದರೆ, ವರದಿಯಲ್ಲಿ ಪಾಸಿಟಿವ್ ಎನಿಸಿದ 64 (45 + 19) ಮಂದಿಯಲ್ಲಿ 19 ಸುಳ್ಳು ಪಾಸಿಟಿವ್. ಹಾಗಾಗಿ ಯಾವ ಕಿಟ್, ಎಷ್ಟು ಪ್ರಮಾಣವನ್ನು ಪಾಸಿಟಿವ್ ಎಂದೆಣಿಸುವ ಮಿತಿ, ಯಾರನ್ನು ಪರೀಕ್ಷಿಸಿದರು ಎಂಬುದನ್ನು ನೋಡದೆ ಎರಡು ಜಿಲ್ಲೆಗಳ ಅಂಕಿಗಳನ್ನು ಹೋಲಿಸಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ 2007ರಿಂದ 2010ರವರೆಗೆ 4000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದಾಗ, ಆಡುಗಳ ಹಾಲಿನ ಟ್ಯಾಂಕುಗಳ ಪರೀಕ್ಷೆಯಿಂದಲೂ ಸೋಂಕಿತ ಫಾರ್ಮುಗಳನ್ನು ಗುರುತಿಸಲಾಯಿತು. ಮನುಷ್ಯರ ವರದಿಯನ್ನೂ ಮಂದೆಯ ವರದಿಯನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದಾಗ ಮಾತ್ರ ಸೋಂಕು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.