ಅವ್ವ ಸಂತೆಗೆ ಹೋಗಿಲ್ಲ

ದೇವದುರ್ಗ ತಾಲ್ಲೂಕಿನ ನಮ್ಮೂರಲ್ಲಿ ಹತ್ತಿ ಬಿಡಿಸುವ ಕೆಲಸ ಮುಗಿಯುತ್ತಿದ್ದಂತೆ ಗುಳೆ ಶುರುವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೊರಡುತ್ತಾರೆ, ಕಟ್ಟಡದ ಕೆಲಸಕ್ಕೆ. ಕೈಗೂಸಿದ್ದರೆ ಜೊತೆಗೇ ಒಯ್ಯುತ್ತಾರೆ. ಮೂರು ವರ್ಷ ದಾಟಿದವರನ್ನು ಅಜ್ಜಿಯ ಹತ್ತಿರ ಬಿಡುತ್ತಾರೆ. ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಆ ಮಕ್ಕಳು ನನ್ನ ಅಂಗನವಾಡಿಗೆ ಬರುತ್ತಾರೆ.

ನಾನು ಕಾರ್ಯಕರ್ತೆಯಾಗಿ ಹದಿನಾಲ್ಕು ವರ್ಷವಾಯಿತು. ಮೊದಲ ಎಂಟು ಹತ್ತು ವರ್ಷ ಆ ಮಕ್ಕಳ ಒಳಗೆ ಏನು ನಡೆಯುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ತೂಕ, ಎತ್ತರ, ಹಾಲು, ಮೊಟ್ಟೆ, ಚುಚ್ಚುಮದ್ದು, ರಿಜಿಸ್ಟರ್, ಆಮೇಲೆ ಮೊಬೈಲಿನಲ್ಲಿ ಇದನ್ನೆಲ್ಲ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಅಳುವ ಮಗು ಒಂದು ವಾರದಲ್ಲಿ ಸುಮ್ಮನಾಗುತ್ತದೆ, ಸುಮ್ಮನಾದರೆ ಹೊಂದಿಕೊಂಡಿತು ಎಂದೇ ಲೆಕ್ಕ. ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾಯಿತು, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಮಗುವಿನ ಮಾನಸಿಕ, ದೈಹಿಕ, ಸಾಮಾಜಿಕ ಬೆಳವಣಿಗೆಗೆ ಬುನಾದಿ ಹಾಕುವುದು ಅದರ ಉದ್ದೇಶಗಳಲ್ಲೇ ಇದೆ. ಅಲ್ಲಿ ‘ಮಾನಸಿಕ’ ಎಂಬ ಮಾತು ದೈಹಿಕಕ್ಕಿಂತ ಮುಂಚೆ ಬರುತ್ತದೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆ, ಆದರೆ ನಿಂತು ಯೋಚಿಸಿರಲಿಲ್ಲ.

ಮೊದಲು ಕಣ್ಣು ತೆರೆಸಿದ್ದು ಕೊರೋನಾ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕೇಂದ್ರಗಳು ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ಬುದ್ಧಿ ಬಂದಾಗಿನಿಂದ ಮನೆಯವರನ್ನು ಬಿಟ್ಟು ಇರದ ಮಕ್ಕಳು ಮಾಸ್ಕ್ ಹಾಕಿದ ನನ್ನ ಮುಖ ನೋಡಿ ಕಿರುಚಿಕೊಂಡರು. ದೂರದಲ್ಲಿ ನಿಂತು ಮಾಸ್ಕ್ ಇಳಿಸಿ, ನಕ್ಕು ತೋರಿಸಿದ ಮೇಲೆ ಒಬ್ಬೊಬ್ಬರೇ ಒಳಗೆ ಬಂದರು. ಈ ವಯಸ್ಸಿನ ಮಕ್ಕಳು ಮಾತಿಗಿಂತ ಮೊದಲು ನಮ್ಮ ಮುಖ ಓದುತ್ತಾರೆ ಎನ್ನುವುದು ಅವತ್ತು ತಿಳಿಯಿತು.

ನಿಜವಾಗಿ ಕಲಿಸಿದವಳು ನಾಲ್ಕು ವರ್ಷದ ಒಂದು ಹುಡುಗಿ. ಅವಳ ಹೆಸರು ಬೇಡ, ಚಿನ್ನಿ ಎನ್ನೋಣ. ತಂದೆ ತಾಯಿ ಅವಳು ಮಲಗಿದ್ದಾಗ ಹೊರಟು ಹೋಗಿದ್ದರು. ಬೆಳಗ್ಗೆ ಅಜ್ಜಿ, “ಅವ್ವ ಸಂತಿಗೆ ಹೋಗ್ಯಾಳ, ಸಂಜಿಗೆ ಬರ್ತಾಳ” ಎಂದಿದ್ದರು. ಕೇಂದ್ರದಲ್ಲಿ ಕೇಳಿದಾಗ ನಾನೂ ಅದನ್ನೇ ಹೇಳಿದೆ. ಮಗು ಅಳಬಾರದು ಅಷ್ಟೇ ನನ್ನ ಆಲೋಚನೆ.

ಅವಳು ಅಳಲೂ ಇಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕಣ್ಣು ಬಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಚಡ್ಡಿಯಲ್ಲಿ ಉಚ್ಚೆ ಹೊಯ್ಯುವುದು ಒಂದು ವರ್ಷದ ಹಿಂದೆಯೇ ನಿಂತಿತ್ತು, ಅದು ಮತ್ತೆ ಶುರುವಾಯಿತು. ಹಾಲಿನ ಲೋಟ ಹಾಗೇ ಉಳಿಯುತ್ತಿತ್ತು. ಮೊಟ್ಟೆ ಕೊಟ್ಟ ದಿನ ಮಾತ್ರ ಬೇಡ ಎನ್ನದೆ ಇಸಿದುಕೊಂಡು, ಮುಷ್ಟಿಯಲ್ಲಿ ಹಿಡಿದು ಕೂತಳು. ನಾಲ್ಕು ಗಂಟೆಗೆ ಮಕ್ಕಳನ್ನು ಬಿಡುವಾಗ ನೋಡಿದರೆ ಮೊಟ್ಟೆ ಒಡೆದು, ಬೆರಳ ಸಂದಿಯಲ್ಲಿ ಹಳದಿ ಮೆತ್ತಿಕೊಂಡಿತ್ತು.

“ಯಾಕವ್ವ, ತಿನ್ನಲಿಲ್ಲ?”

“ಅವ್ವಗ. ಸಂಜಿಗೆ ಬರ್ತಾಳಲ್ಲ.”

ಒಂಬತ್ತು ಸಂಜೆ ಕಳೆದಿದ್ದವು. ಒಂಬತ್ತೂ ಸಂಜೆ ಅವಳು ನಮ್ಮ ಮಾತು ನಂಬಿ ಕಾದಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಅಜ್ಜಿಯ ಮನೆಗೆ ಹೋದೆ. “ಖರೇ ಹೇಳಿದ್ರ ಕೂಸು ಅತ್ತು ಅತ್ತು ಸಾಯ್ತದ ಅಕ್ಕೋರೆ” ಎಂದರು. “ಅಳಲಿ ಬಿಡಮ್ಮ, ಅತ್ತಿದ್ದು ಇಳೀತದ. ಸುಳ್ಳು ಹೇಳಿದ್ರ ಕಾಯ್ಕೊಂತ ಕುಂದ್ರತಾಳ” ಎಂದೆ. ಒಪ್ಪಿಸಲು ಎರಡು ದಿನ ಹಿಡಿಯಿತು. ಆಮೇಲೆ ಅಜ್ಜಿಯನ್ನೂ ಕೇಂದ್ರಕ್ಕೆ ಕರೆದು ಜಮಖಾನದ ಮೇಲೆ ಕೂಡಿಸಿದೆ. ಚಿನ್ನಿಯ ಎದುರು ನಾನೂ ನೆಲಕ್ಕೆ ಕೂತು ಹೇಳಿದೆ: “ನಿಮ್ಮವ್ವ ಸಂತಿಗೆ ಹೋಗಿಲ್ಲ. ಬೆಂಗಳೂರಿಗೆ ದುಡಿಯಾಕ ಹೋಗ್ಯಾಳ. ಇವತ್ತು ಸಂಜಿಗೆ ಬರಂಗಿಲ್ಲ, ನಾಳೆನೂ ಬರಂಗಿಲ್ಲ. ಬಾಳ ದಿನ ಆಗ್ತದ. ಆದ್ರ ಬರ್ತಾಳ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಬಳಿ ಬೇಡಿದ್ನಿ, ಅದಕ್ಕ ಹೋದ್ಳು” ಎಂದಳು.

ಹಿಂದಿನ ದಿನ ಬಳೆ ಬೇಕೆಂದು ಹಟ ಮಾಡಿದ್ದಳಂತೆ. ಅದಕ್ಕೇ ಅವ್ವ ಬಿಟ್ಟು ಹೋದಳು ಎಂದು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದಳು. ಈ ವಯಸ್ಸಿನ ಮಕ್ಕಳು ಮನೆಯಲ್ಲಿ ಏನೇ ಆದರೂ ತಮ್ಮಿಂದಲೇ ಆಯಿತು ಎಂದುಕೊಳ್ಳುವುದುಂಟು. ಈಗ ಯಾವ ಮಗುವಿನ ಮನೆಯಲ್ಲಿ ಸಾವು, ಜಗಳ, ಗುಳೆ ಏನೇ ಆಗಲಿ, “ನಿನ್ನಿಂದ ಆಗಿದ್ದಲ್ಲ” ಎಂಬ ಮಾತನ್ನು ನಾನು ಮೊದಲೇ ಹೇಳುತ್ತೇನೆ, ಮಗು ಕೇಳಲಿ ಬಿಡಲಿ. ಅವತ್ತು ಚಿನ್ನಿ ಮೊದಲ ಸಲ ದನಿ ತೆಗೆದು ಅತ್ತಳು, ಅಜ್ಜಿಯ ಸೆರಗು ಹಿಡಿದು. ನಾವಿಬ್ಬರೂ “ಸಾಕು, ಅಳಬ್ಯಾಡ” ಎನ್ನಲಿಲ್ಲ.

ಖರೇ ಹೇಳಿದ ಮೇಲೆ ‘ಬಾಳ ದಿನ’ ಎಂದರೆ ಎಷ್ಟು ಎಂಬ ಪ್ರಶ್ನೆ ಬಂತು. ಯುಗಾದಿಗೆ ಬರುತ್ತಾಳೆ ಎನ್ನಬಹುದಿತ್ತು. ಆದರೆ ಗುಳೆ ಹೋದವರು ಬರುವ ದಿನ ಮೇಸ್ತ್ರಿಯ ಕೈಯಲ್ಲಿರುತ್ತದೆ, ಅವರ ಕೈಯಲ್ಲಲ್ಲ. ತಪ್ಪಿದರೆ ನಮ್ಮ ಇನ್ನೊಂದು ಸುಳ್ಳಾಗುತ್ತದೆ. ಹಾಗಾಗಿ ಬರುವ ದಿನವನ್ನು ಬಿಟ್ಟು ಫೋನಿನ ದಿನವನ್ನು ಹಿಡಿದೆವು. ಶನಿವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಾಯಿ ನನ್ನ ಮೊಬೈಲಿಗೆ ವಿಡಿಯೋ ಕಾಲ್ ಮಾಡುವುದೆಂದು ಮಾತಾಯಿತು. ಒಂದು ಡಬ್ಬಿಯಲ್ಲಿ ಆರು ಹುಣಸೆಬೀಜ ಹಾಕಿಟ್ಟೆ. ದಿನಾ ಬಂದ ಕೂಡಲೇ ಚಿನ್ನಿ ಒಂದು ಬೀಜವನ್ನು ಖಾಲಿ ಡಬ್ಬಿಗೆ ಹಾಕಬೇಕು. ಆರನೆಯದು ಬಿದ್ದ ದಿನ ಅವ್ವನ ಮುಖ. ಎರಡು ಶನಿವಾರ ಫೋನ್ ಬರಲಿಲ್ಲ. “ಅವ್ವಗ ಕೆಲಸ ಬಿಡುವು ಆಗಿಲ್ಲ, ನಾಳೆ ರಾತ್ರಿ ಅಜ್ಜಿ ಫೋನಿಗೆ ಮಾಡ್ತಾಳ” ಎಂದು ಇದ್ದದ್ದು ಇದ್ದಂತೆ ಹೇಳಿದೆ, ತಾಯಿಗೂ ಒಂದು ಮಾತು ಗಟ್ಟಿಯಾಗಿ ಹೇಳಿದೆ. ಆಮೇಲೆ ಅವಳು ತಪ್ಪಿಸಲಿಲ್ಲ. ಮೂರನೆಯ ವಾರದಿಂದ ಹಾಲಿನ ಲೋಟ ಖಾಲಿಯಾಗತೊಡಗಿತು.

ಮಧ್ಯಾಹ್ನದ ನಿದ್ದೆಗೆ ಅಜ್ಜಿಯೇ ದಾರಿ ಕಂಡುಹಿಡಿದರು. ಸೊಸೆಯ ಹಳೆ ಸೀರೆ ಮಡಚಿ ಸಣ್ಣದೊಂದು ಕೌದಿ ಹೊಲಿದು ಕೊಟ್ಟರು. ಚಿನ್ನಿ ಅದರ ಅಂಚು ಮೂಗಿಗೆ ಒತ್ತಿಕೊಂಡು ಮಲಗುತ್ತಿದ್ದಳು. ಒಂದು ದಿನ ನಮ್ಮ ಆಯಮ್ಮ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸೋಪು ಹಾಕಿ ಒಗೆದುಬಿಟ್ಟಳು. ಕೌದಿ ಮೂಸಿ ನೋಡಿದ ಮಗು ಅದನ್ನು ಎಸೆದು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಅಜ್ಜಿ ಪೆಟ್ಟಿಗೆಯಿಂದ ಒಗೆಯದ ಕುಪ್ಪಸವೊಂದನ್ನು ತಂದು ಕೌದಿಯ ಮೂಲೆಗೆ ಹೊಲಿದರು. ಆಯಮ್ಮ ಈಗ ಹೊಸ ಮಕ್ಕಳ ಬಟ್ಟೆ ಮುಟ್ಟುವ ಮೊದಲು ಕೇಳುತ್ತಾಳೆ.

ಆಟದ ವಿಷಯ ಸ್ವಲ್ಪ ಹೇಳಬೇಕು. ಅಂಗನವಾಡಿ ಮಕ್ಕಳ ಕಲಿಕೆಯ ಪಠ್ಯ ‘ಚಿಲಿಪಿಲಿ’ಯ ಚಟುವಟಿಕೆಗಳನ್ನು ನಾನು ಬಿಡುವುದಿಲ್ಲ, ಆದರೆ ದಿನಾ ಅರ್ಧ ಗಂಟೆ ಮಕ್ಕಳ ಇಷ್ಟದ ಆಟಕ್ಕೆ ಬಿಡುತ್ತೇನೆ, ನಡುವೆ ಬಾಯಿ ಹಾಕದೆ. ಚಿನ್ನಿಯದು ಬಸ್ಸಿನ ಆಟ. ಸಾಲಾಗಿ ಮಕ್ಕಳು, ಅವಳೇ ಕಂಡಕ್ಟರ್, ಸೀಟಿ ಊದಿದ ಮೇಲೆ ಗೊಂಬೆಯನ್ನು ಬಸ್ಸಿನಿಂದ ಹೊರಗೆ ಎಸೆಯುವುದು. ಆಯಮ್ಮ ಬೈಯಲು ಹೋದಳು, ಸುಮ್ಮನಿರಿಸಿದೆ. ತಿಂಗಳುಗಟ್ಟಲೆ ಗೊಂಬೆ ಬಿದ್ದಿತು. ಫೆಬ್ರವರಿಯ ಒಂದು ದಿನ ಅವಳೇ ಬಸ್ಸು ನಿಲ್ಲಿಸಿ ಗೊಂಬೆಯನ್ನು ಎತ್ತಿ, “ಟಿಕೆಟ್ ತಗೋ” ಎಂದು ತೊಡೆಯ ಮೇಲೆ ಕೂರಿಸಿಕೊಂಡಳು. ನಾನು ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ.

ನಮ್ಮ ಕೇಂದ್ರದಲ್ಲಿ ಕೆಲವು ಮಾತು ನಿಲ್ಲಿಸಿದ್ದೇವೆ. ‘ಗುಮ್ಮ ಬರ್ತಾನ’, ‘ಪೊಲೀಸಗ ಕೊಡ್ತೀನಿ’, ‘ಸೂಜಿ ಹಾಕಿಸ್ತೀನಿ’, ಎಲ್ಲಕ್ಕಿಂತ ಮೊದಲು ‘ಹಿಂಗ ಮಾಡಿದ್ರ ನಿಮ್ಮವ್ವ ಬರಂಗಿಲ್ಲ’. ತಾಯಂದಿರ ಸಭೆಯಲ್ಲಿ ಇದನ್ನೇ ಪ್ರತಿ ತಿಂಗಳು ಹೇಳುತ್ತೇನೆ. ಕೆಲವರಿಗೆ ಬೇಸರವಾಗಿದೆ, ಆದರೂ ಹೇಳುತ್ತೇನೆ.

ಎಲ್ಲವೂ ಗುಳೆಯ ದುಃಖವಲ್ಲ ಎಂಬ ಎಚ್ಚರವೂ ಬೇಕು. ಅದೇ ವರ್ಷ ಮೂರೂವರೆ ವರ್ಷದ ಹುಡುಗನೊಬ್ಬ ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ, ಬೆರಳು ತೋರಿಸಿ ಏನೂ ಕೇಳುತ್ತಿರಲಿಲ್ಲ. ಮನೆಯವರು “ಅವ್ವ ಇಲ್ಲಂತ ಹಂಗ” ಎಂದರು. ತಾಯಿ ಊರಲ್ಲಿದ್ದಾಗ ಹೇಗಿದ್ದ ಎಂದು ಕೆದಕಿ ಕೇಳಿದರೆ ಆಗಲೂ ಹಾಗೆಯೇ. ಚಿನ್ನಿ ಕಲಿತದ್ದನ್ನು ಕಳೆದುಕೊಂಡಿದ್ದಳು, ಈ ಹುಡುಗ ಇನ್ನೂ ಕಲಿತೇ ಇರಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಅವರಿಗೆ ತೋರಿಸಿ, ಅವರ ಚೀಟಿಯ ಮೇಲೆ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು. ಅಂಥ ಮಗುವನ್ನು ಹುಣಸೆಬೀಜ ನೆಚ್ಚಿ ಕೂಡಿಸಿಕೊಳ್ಳಬಾರದು. ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ ಚಿನ್ನಿಯ ಅಜ್ಜಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿ ಕೊಟ್ಟೆ. ಅಲ್ಲಿಯವರು ಕನ್ನಡದಲ್ಲೇ ಮಾತಾಡಿದರು. ಅಜ್ಜಿಯ ಎದೆ ಹಗುರಾಗದೆ ಮಗುವಿನದು ಹಗುರಾಗುವುದಿಲ್ಲ.

ಜೂನ್‌ನಲ್ಲಿ, ಮಿರುಗದ ಮಳೆಗೆ, ಚಿನ್ನಿಯ ತಂದೆ ತಾಯಿ ಬಂದರು. ತಾಯಿಗೆ ಮೊದಲೇ ಫೋನಿನಲ್ಲಿ ಹೇಳಿದ್ದೆ, ಓಡಿಬಂದು ಅಪ್ಪಿಕೊಳ್ಳುತ್ತಾಳೆ ಎಂದುಕೊಳ್ಳಬೇಡ, ಸಿಟ್ಟು ಬಂದಿರುತ್ತದೆ, ಎಳೆದುಕೊಳ್ಳಬೇಡ, ಹತ್ತಿರ ಕೂತಿರು ಸಾಕು ಎಂದು. ಹಾಗೇ ಆಯಿತು. ಚಿನ್ನಿ ಎರಡು ದಿನ ಅಜ್ಜಿಯ ಹಿಂದೆ ಅಡಗಿದಳು, ಮೂರನೆಯ ದಿನ ತಾಯಿಯ ಬೆನ್ನಿಗೆ ಗುದ್ದಿ, ಗುದ್ದುತ್ತಲೇ ತೊಡೆ ಏರಿದಳು.

ಮುಂದಿನ ಸಲ ಹೊರಡುವಾಗ ತಾಯಿ ನನ್ನ ಮಾತು ಕೇಳಿದಳು. ಮಗಳನ್ನು ಎಬ್ಬಿಸಿಕೊಂಡು, ಕೌದಿ ಹೊದಿಸಿ, ಬಸ್‌ಸ್ಟ್ಯಾಂಡಿಗೆ ಕರೆತಂದಳು. ಬಳೆ ಹಾಕಿ, ಎಲ್ಲಿಗೆ ಹೋಗುತ್ತಿದ್ದೇನೆ, ಯಾವ ದಿನ ಫೋನ್ ಮಾಡುತ್ತೇನೆ ಎಂದು ಹೇಳಿದಳು. ಬಸ್ಸು ಹೊರಟಾಗ ಚಿನ್ನಿ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಅತ್ತಳಂತೆ. ಮನೆಗೆ ಬಂದು ಬೆಳಗಿನವರೆಗೆ ಮಲಗಿದಳಂತೆ. ಒಂಬತ್ತೂವರೆಗೆ ಅಜ್ಜಿಯ ಕೈ ಹಿಡಿದು ಬಂದಳು, ಕಣ್ಣು ಊದಿತ್ತು. ಬಂದವಳೇ, “ಅಕ್ಕೋರೆ, ನನ್ನ ಡಬ್ಬಿ ಎಲ್ಲೈತಿ?” ಎಂದಳು.