ಮಕ್ಕಳ ಜೀವನಾಂಶ: ಅರ್ಜಿ ಸುಲಭ, ಅಫಿಡವಿಟ್ ಕಷ್ಟ

ಜೀವನಾಂಶ ಕೇಳಲು ಕಾಸರಗೋಡಿನ ಕುಟುಂಬ ನ್ಯಾಯಾಲಯಕ್ಕೆ ಬರುವ ತಾಯಂದಿರ ಚೀಲದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕಾಗದ ಇರುತ್ತವೆ: ಮದುವೆಯ ಫೋಟೊ, ಮಗುವಿನ ಜನನ ಪ್ರಮಾಣಪತ್ರ, ಗಂಡ ವಾಟ್ಸ್‌ಆ್ಯಪ್‌ನಲ್ಲಿ ಬೈದದ್ದರ ಪ್ರಿಂಟ್. ಮೊದಲ ಎರಡು ಬೇಕು. ಮೂರನೆಯದರಿಂದ ಮಗುವಿಗೆ ತಿಂಗಳಿಗೆ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ. ಗಂಡನ ವರಮಾನ ಎಷ್ಟು, ಮಗುವಿನ ಖರ್ಚು ಎಷ್ಟು ಎಂದು ತೋರಿಸುವ ಕಾಗದ ಮಾತ್ರ ಮನೆಯಲ್ಲೇ ಉಳಿದಿರುತ್ತದೆ, ಇಲ್ಲವೇ ಯಾರೂ ತೆಗೆದಿಟ್ಟಿರುವುದಿಲ್ಲ. ಕಾನೂನು ನೆರವಿನ ಮೇಜಿನ ಪಕ್ಕ ಕುಳಿತು ಇದನ್ನು ನೋಡಿ ನೋಡಿ ಬೇಸತ್ತು ಈ ಲೇಖನ ಬರೆಯುತ್ತಿದ್ದೇನೆ.

ಎಲ್ಲಿ, ಯಾವ ಕಾನೂನಿನಡಿ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಜನರ ಬಾಯಲ್ಲಿ ಈಗಲೂ ಅದು ‘ನೂರ ಇಪ್ಪತ್ತೈದು’. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ, ತಂದೆ ತಾಯಿಗೆ ಮದುವೆಯೇ ಆಗಿಲ್ಲದಿದ್ದರೂ, ಮಗುವಿಗೆ ಈ ಕಲಂ ಅನ್ವಯಿಸುತ್ತದೆ.

ಕೇರಳ–ಕರ್ನಾಟಕ ಗಡಿಯಲ್ಲಿರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಮದುವೆ ಆದದ್ದು ಮಂಗಳೂರಿನಲ್ಲಿ, ಗಂಡ ಇರುವುದು ಪುತ್ತೂರಿನಲ್ಲಿ. ನಾನೀಗ ಮಂಜೇಶ್ವರದ ತವರಿನಲ್ಲಿದ್ದೇನೆ. ಅಲ್ಲಿಗೇ ಹೋಗಬೇಕೆ?’ ಬೇಕಾಗಿಲ್ಲ. ಹೆಂಡತಿ ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ತಲಪಾಡಿ ದಾಟಿ ಅಲೆಯುವ ಅಗತ್ಯವಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. ‘ಉಚಿತ ವಕೀಲರು ಸರಿಯಾಗಿ ನಡೆಸುವುದಿಲ್ಲ’ ಎಂದು ಮೂಗು ಮುರಿದು, ಚಿನ್ನ ಅಡವಿಟ್ಟು ಶುಲ್ಕ ಕೊಟ್ಟವರನ್ನು ನೋಡಿದ್ದೇನೆ. ನನ್ನ ಮಾತು ಕೇಳುವುದಾದರೆ ಚಿನ್ನ ಪೆಟ್ಟಿಗೆಯಲ್ಲೇ ಇರಲಿ.

ಅರ್ಜಿ

ಇದು ಸುಲಭ. ಒಂದೇ ಎಚ್ಚರ ಬೇಕು: ಪ್ರತಿ ಮಗುವನ್ನೂ ಪ್ರತ್ಯೇಕ ಅರ್ಜಿದಾರನನ್ನಾಗಿ ತೋರಿಸಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಮೊತ್ತ ಕೇಳಿ. ಹೆಂಡತಿಯ ಬೇಡಿಕೆ ಯಾವುದೋ ಕಾರಣಕ್ಕೆ ಬಿದ್ದುಹೋದರೂ ಮಕ್ಕಳದು ನಿಲ್ಲುತ್ತದೆ. ಜೊತೆಗೆ ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಅಂದೇ ಹಾಕಿ. ಎದುರು ಪಕ್ಷಕ್ಕೆ ನೋಟಿಸ್ ಜಾರಿಯಾದ ಮೇಲೆ ಸಾಧ್ಯವಾದಷ್ಟು ಮಟ್ಟಿಗೆ 60 ದಿನಗಳೊಳಗೆ ಅದನ್ನು ತೀರ್ಮಾನಿಸಬೇಕು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಬೇರೆ ಕಡೆ ಈಗಾಗಲೇ ಹಣ ಆದೇಶವಾಗಿದ್ದರೆ ಮುಚ್ಚಿಡಬೇಡಿ, ಅದನ್ನು ತಿಳಿಸಲೇಬೇಕು.

ಅಫಿಡವಿಟ್: ಎಲ್ಲರೂ ಎಡವುವ ಜಾಗ

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಒಂದು ಕಟ್ಟುನಿಟ್ಟು ಮಾಡಿತು. ಎರಡೂ ಪಕ್ಷದವರು ತಮ್ಮ ಆದಾಯ, ಖರ್ಚು, ಆಸ್ತಿ, ಸಾಲಗಳನ್ನು ನಿಗದಿತ ನಮೂನೆಯ ಅಫಿಡವಿಟ್‌ನಲ್ಲಿ ಪ್ರಮಾಣ ಮಾಡಿ ಕೊಡಬೇಕು. ನ್ಯಾಯಾಧೀಶರು ಮೊತ್ತ ನಿಗದಿ ಮಾಡುವಾಗ ಮುಖ್ಯವಾಗಿ ನೋಡುವುದು ಇದನ್ನೇ. ಜನರು ಅತ್ಯಂತ ಅವಸರದಲ್ಲಿ ತುಂಬುವುದೂ ಇದನ್ನೇ.

ನಮೂನೆ ಒಂದೇ ಅಲ್ಲ ಎಂಬುದು ಮೊದಲು ತಿಳಿದಿರಲಿ. ಸಂಬಳದವರಿಗೆ, ವ್ಯಾಪಾರದವರಿಗೆ ಇರುವುದು ಒಂದು. ಕೃಷಿಯಿಂದ ಬದುಕುವವರಿಗೆ ಇರುವುದು ಇನ್ನೊಂದು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ತೋಟವೇ ಜೀವನಾಧಾರವಾದ ಮನೆಗಳಿಂದ ಬಂದವರು ನಗರದ ನಮೂನೆ ತುಂಬಿ, ‘ಮಾಸಿಕ ಸಂಬಳ’ ಎಂಬಲ್ಲಿ ಗೆರೆ ಎಳೆದು ಬಿಡುತ್ತಾರೆ. ಕೃಷಿಯ ನಮೂನೆಯಲ್ಲಿ ಜಮೀನಿನ ವಿಸ್ತೀರ್ಣ, ಬೆಳೆ, ಜಾನುವಾರು, ಬೆಳೆಸಾಲ ಎಲ್ಲವಕ್ಕೂ ಜಾಗವಿದೆ. ಸೆಂಟರ್‌ಗಳಲ್ಲಿ ಕಂಪ್ಯೂಟರಿನಿಂದ ತೆಗೆದುಕೊಡುವ ಸಿದ್ಧ ಅಫಿಡವಿಟ್‌ಗಳನ್ನಂತೂ ಮುಟ್ಟಲೇಬೇಡಿ. ಹಿಂದಿನ ಗಿರಾಕಿಯ ಫ್ಲ್ಯಾಟಿನ ಕಂತು ಅಳಿಸದೆ ಉಳಿದ ಅಫಿಡವಿಟ್‌ಗೆ ನಮ್ಮೂರಿನ ಹೆಂಗಸು ಸಹಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಆದಾಯವನ್ನು ಸತ್ಯವಾಗಿ ಬರೆಯಿರಿ. ಬೀಡಿ ಕಟ್ಟುವ ತಾಯಿ ‘ನನಗೆ ಯಾವ ಆದಾಯವೂ ಇಲ್ಲ’ ಎಂದು ಪ್ರಮಾಣ ಮಾಡುತ್ತಾಳೆ. ಎದುರಿನ ವಕೀಲರು ಭವಿಷ್ಯ ನಿಧಿಯ ಖಾತೆಯ ವಿವರ ತೆಗೆದು ಮುಂದಿಡುತ್ತಾರೆ. ಆಮೇಲೆ ಆಕೆ ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ತಾಯಿ ದುಡಿಯುತ್ತಾಳೆ ಎಂಬ ಕಾರಣಕ್ಕೆ ತಂದೆಯ ಹೊಣೆ ಕಳೆಯುವುದಿಲ್ಲ. ಆಕೆಗೆ ಸಾಕಷ್ಟು ವರಮಾನವಿದ್ದರೆ ಮಕ್ಕಳ ಖರ್ಚನ್ನು ಇಬ್ಬರ ಆದಾಯದ ಪ್ರಮಾಣಕ್ಕೆ ತಕ್ಕಂತೆ ಹಂಚಬಹುದು, ಅಷ್ಟೇ. ಬೀಡಿಯ ದುಡ್ಡನ್ನು ಮುಚ್ಚಿಡುವುದರಿಂದ ಲಾಭವಿಲ್ಲ, ನಷ್ಟ ಮಾತ್ರ ಖಂಡಿತ.

ಮಗುವಿನ ಖರ್ಚು ಬರೆಯುವಾಗ ‘ವಿದ್ಯಾಭ್ಯಾಸ, ಔಷಧ, ಇತರೆ: ಹದಿನೈದು ಸಾವಿರ’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅನುದಾನಿತ ಕನ್ನಡ ಶಾಲೆಯಲ್ಲಿ ಶುಲ್ಕ ಹೆಚ್ಚೇನೂ ಇಲ್ಲದಿರಬಹುದು, ಆದರೆ ಶಾಲಾ ವಾಹನ, ಸಮವಸ್ತ್ರ, ಟ್ಯೂಷನ್, ಮಳೆಗಾಲದ ಜ್ವರ, ಮಂಗಳೂರಿನ ಆಸ್ಪತ್ರೆ, ಅಲ್ಲಿಗೆ ಹೋಗಿಬರುವ ಬಸ್ ಖರ್ಚು ಎಲ್ಲವೂ ಇವೆ. ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆದು ರಶೀದಿ ಲಗತ್ತಿಸಿ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಹನ್ನೆರಡರಿಂದ ಭಾಗಿಸಿ. ಮಗು ಶಾಲೆಗೆ ಸೇರಿದ ದಿನವೇ ಒಂದು ರಟ್ಟಿನ ಫೈಲ್ ಕೊಂಡು ಎಲ್ಲ ಚೀಟಿಗಳನ್ನು ಅದರಲ್ಲಿ ಹಾಕುತ್ತ ಹೋಗಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಸಾಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೊಬೈಲ್ ಬಾವಿಗೆ ಬೀಳುತ್ತದೆ, ಫೈಲ್ ಬೀಳುವುದಿಲ್ಲ.

ಇನ್ನು ಗಂಡನ ವರಮಾನ. ನಿಮ್ಮ ಅಫಿಡವಿಟ್‌ನಲ್ಲೇ ಎದುರು ಪಕ್ಷದ ಆದಾಯ, ಆಸ್ತಿಯ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯುವ ಭಾಗವಿದೆ. ಅದನ್ನು ಖಾಲಿ ಬಿಡುವುದು ಶುದ್ಧ ದಡ್ಡತನ. ಜಮೀನು ದಕ್ಷಿಣ ಕನ್ನಡದ ಕಡೆ ಇದ್ದರೆ ಸರ್ವೆ ನಂಬರ್ ಗೊತ್ತಿದ್ದವರು ಪಹಣಿಯನ್ನು ಭೂಮಿ ಜಾಲತಾಣದಲ್ಲಿ ನೋಡಬಹುದು. ಕೇರಳದ ಕಡೆ ಇದ್ದರೆ ತೀರ್ವೆ (ಭೂಕಂದಾಯ) ಕಟ್ಟಿದ ರಶೀದಿ, ವಿಲ್ಲೇಜ್ ಆಫೀಸಿನ ದಾಖಲೆ ಕೆಲಸಕ್ಕೆ ಬರುತ್ತವೆ. ಮನೆಯವರ ಪಾಲುಪಟ್ಟಿಯಲ್ಲಿ ಅವನ ಹೆಸರಿಗೆ ಎಷ್ಟು ಬಂದಿದೆ ಎಂದು ನೋಡಿ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋಗೆ ಅಥವಾ ಊರಿನ ಸೊಸೈಟಿಗೆ ಅಡಿಕೆ ಹಾಕಿದ ಹಳೆಯ ಬಿಲ್ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಸಂಬಳದ ಕೆಲಸವಾದರೆ ಮಾಲೀಕರಿಂದ ಸಂಬಳ ಪ್ರಮಾಣಪತ್ರ ತರಿಸುವಂತೆ ನ್ಯಾಯಾಲಯವನ್ನೇ ಕೇಳಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ಖಾಸಗಿ ಮಾಹಿತಿ ಎಂದು ತಿರಸ್ಕರಿಸಬಹುದು, ಆ ದಾರಿಯಲ್ಲಿ ತಿಂಗಳುಗಳು ಹೋಗುತ್ತವೆ.

ಗಲ್ಫ್‌ನಲ್ಲಿರುವವರದು ಬೇರೆ ಕಥೆ. ‘ಅಲ್ಲಿ ಕೆಲಸ ಹೋಯಿತು’ ಎಂಬ ಉತ್ತರ ಬಂದೇ ಬರುತ್ತದೆ. ವಿದೇಶದಲ್ಲಿರುವವರು ತಮ್ಮ ವಾಸಸ್ಥಾನ, ಉದ್ಯೋಗ, ಅಲ್ಲಿಯ ಆದಾಯದ ವಿವರ ಕೊಡಲು ಅಫಿಡವಿಟ್‌ನಲ್ಲಿ ಪ್ರತ್ಯೇಕ ಭಾಗವೇ ಇದೆ. ಹಿಂದೆ ಅವನು ಮನೆಗೆ ಕಳುಹಿಸುತ್ತಿದ್ದ ಹಣ ಬಂದ ನಿಮ್ಮ ಪಾಸ್‌ಬುಕ್, ವೀಸಾದ ಪ್ರತಿ, ಕಂಪನಿಯ ವಿಳಾಸ ಇದ್ದರೆ ಜೋಡಿಸಿ. ಆರೋಗ್ಯವಂತನಾದ ಗಂಡಸು ಕೆಲಸವಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಹೇಳಿದೆ. ಆದರೆ ಕೂಲಿಯ ಲೆಕ್ಕದಲ್ಲಿ ಸಿಗುವ ಮೊತ್ತಕ್ಕೂ ಗಲ್ಫಿನ ಸಂಬಳದ ಲೆಕ್ಕದಲ್ಲಿ ಸಿಗುವುದಕ್ಕೂ ಇರುವ ಅಂತರವನ್ನು ತುಂಬುವುದು ನಿಮ್ಮ ಪಾಸ್‌ಬುಕ್ಕೇ.

ಕೊನೆಯದಾಗಿ ಭಾಷೆ. ಇಲ್ಲಿ ಕಡತ ನಡೆಯುವುದು ಇಂಗ್ಲಿಷ್ ಅಥವಾ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲವರು ತಮಗೆ ತಿಳಿಯದ ಲಿಪಿಯ ಹತ್ತಾರು ಪುಟಗಳಿಗೆ ಸಹಿ ಹಾಕುತ್ತಾರೆ, ಪಾಟೀಸವಾಲಿನಲ್ಲಿ ‘ಇದು ನಾನು ಹೇಳಿದ್ದಲ್ಲ’ ಎನ್ನುತ್ತಾರೆ. ಪ್ರತಿ ಪುಟವನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ವಕೀಲರಿಗೆ ಪುರುಸೊತ್ತಿಲ್ಲದಿದ್ದರೆ ಗುಮಾಸ್ತರು ಓದಲಿ. ಅವರಿಗೂ ಇಲ್ಲದಿದ್ದರೆ ಸಹಿ ನಾಳೆಗೆ ಇರಲಿ. ಕನ್ನಡದ ಪಾಲುಪಟ್ಟಿ, ರಶೀದಿಗಳಿಗೆ ಅನುವಾದ ಬೇಕಾಗುತ್ತದೆ. ಅದನ್ನು ವಾಯಿದೆಯ ಹಿಂದಿನ ದಿನಕ್ಕೆ ಬಿಡಬೇಡಿ.

ಮೊತ್ತ ಹೇಗೆ ನಿಗದಿಯಾಗುತ್ತದೆ

ಸೂತ್ರವಿಲ್ಲ. ‘ಸಂಬಳದ ಕಾಲುಭಾಗ’ ಎಂಬುದು 2017ರ ಒಂದು ತೀರ್ಪಿನಲ್ಲಿ ಹೆಂಡತಿಯ ಜೀವನಾಂಶದ ಬಗ್ಗೆ ಬಂದ ಮಾತು. ಎಲ್ಲರಿಗೂ ಹೊಂದುವ ನಿಯಮವಲ್ಲ. ಮೊಬೈಲಿನಲ್ಲಿ ಸಿಗುವ ಜೀವನಾಂಶದ ಕ್ಯಾಲ್ಕುಲೇಟರ್‌ಗಳು ಬರೀ ಬೊಗಳೆ. ಮಗುವಿನ ಅಗತ್ಯ, ತಂದೆ ತಾಯಿಯ ನಿಜವಾದ ಶಕ್ತಿ, ಒಟ್ಟಿಗಿದ್ದಾಗ ನಡೆಸುತ್ತಿದ್ದ ಜೀವನಮಟ್ಟ, ತಂದೆಯ ಮೇಲಿರುವ ಇತರ ಅವಲಂಬಿತರು, ಇವನ್ನು ತೂಗಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ತಿಂಗಳಿಗೆ 500 ರೂಪಾಯಿಯ ಹಳೆಯ ಮಿತಿ 2001ರಲ್ಲೇ ಹೋಗಿದೆ. ಹಣ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ಹಿರಿಯರು, ಜಮಾಅತ್‌ನವರು, ಊರಿನ ಮುಖಂಡರು ಕೂತು ಛಾಪಾ ಕಾಗದದಲ್ಲಿ ಬರೆಸುವ ಒಪ್ಪಂದದ ಬಗ್ಗೆಯೂ ಹೇಳಲೇಬೇಕು. ಉದ್ದೇಶ ಒಳ್ಳೆಯದೇ. ಆದರೆ ಹಣ ನಿಂತ ದಿನ ಆ ಕಾಗದ ತೋರಿಸಿ ವಸೂಲಿಯ ವಾರಂಟ್ ಕೇಳಲಾಗದು. ರಾಜಿ ಆಗುವುದಾದರೆ ನ್ಯಾಯಾಲಯದ ಮುಂದೆಯೇ ದಾಖಲಾಗಲಿ. ‘ಮಕ್ಕಳಿಗೆ ಏನೂ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಅದರಿಂದ ಹೋಗುವುದಿಲ್ಲ.

ಹಣ ಬರದಿದ್ದರೆ

ಇಲ್ಲಿ ಎರಡನೆಯ ದೊಡ್ಡ ಎಡವಟ್ಟು. ‘ಬಾಕಿ ಎಲ್ಲಿಗೂ ಹೋಗುವುದಿಲ್ಲ, ಒಟ್ಟಿಗೆ ಕೇಳೋಣ’ ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಬಾಕಿಗೆ ವಾರಂಟ್ ಕೇಳುವ ಅರ್ಜಿಯನ್ನು ಆ ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಮೂರು ತಿಂಗಳು ತಪ್ಪಿದರೆ ಸಾಕು, ಹಾಕಿಬಿಡಿ, ದಾಕ್ಷಿಣ್ಯ ಬೇಡ. ಅರ್ಜಿಯೊಂದಿಗೆ ಒಂದು ಪಟ್ಟಿ ಇರಲಿ: ತಿಂಗಳು, ಬರಬೇಕಾದದ್ದು, ಬಂದದ್ದು, ಉಳಿದದ್ದು. ಹಣ ಮಗುವಿನ ಅಥವಾ ತಾಯಿಯ ಬ್ಯಾಂಕ್ ಖಾತೆಗೇ ಬರಲಿ ಎಂದು ಮೊದಲೇ ಆದೇಶದಲ್ಲಿ ಬರೆಸಿಕೊಂಡಿದ್ದರೆ ಈ ಪಟ್ಟಿ ಹತ್ತು ನಿಮಿಷದ ಕೆಲಸ. ಬಸ್ ನಿಲ್ದಾಣದಲ್ಲಿ ಕೈಗೆ ಕೊಟ್ಟ ನಗದನ್ನು ಇಬ್ಬರೂ ಬೇರೆ ಬೇರೆ ರೀತಿ ನೆನಪಿಟ್ಟುಕೊಳ್ಳುತ್ತಾರೆ.

ನ್ಯಾಯಾಲಯ ಚರಾಸ್ತಿಯನ್ನು ಜಪ್ತಿ ಮಾಡಬಹುದು, ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಗಲ್ಫ್‌ನಲ್ಲಿರುವವನ ಹೆಸರಿಗೆ ಇಲ್ಲಿರುವ ತೋಟ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ. ಆಗಲೂ ವಸೂಲಾಗದಿದ್ದರೆ ಒಂದು ತಿಂಗಳವರೆಗೆ ಅಥವಾ ಅದಕ್ಕೆ ಮೊದಲೇ ಹಣ ಕೊಡುವವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂಬುದು ತಪ್ಪು, ಬಾಕಿ ಬಾಕಿಯೇ. ಗಂಡ ಗಡಿಯಾಚೆ ಇದ್ದಾನೆ ಎಂದು ಹೆದರಬೇಡಿ. ಆದೇಶದ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು. ಅವನು ಎಲ್ಲಿದ್ದಾನೋ ಅಲ್ಲಿಯ ಮ್ಯಾಜಿಸ್ಟ್ರೇಟರ ಮೂಲಕವೂ ಅದನ್ನು ಜಾರಿ ಮಾಡಿಸಬಹುದು.

ತಂದೆಯರಿಗೂ ಒಂದು ಮಾತು: ಮಗುವನ್ನು ನೋಡಲು ಬಿಡುತ್ತಿಲ್ಲವೆಂದು ಹಣ ನಿಲ್ಲಿಸುವಂತಿಲ್ಲ. ಭೇಟಿಯ ಹಕ್ಕಿಗೆ ಬೇರೆ ಅರ್ಜಿ ಇದೆ, ಅದನ್ನು ಹಾಕಿ.

ಮೊತ್ತ ಬದಲಿಸಬೇಕಾದಾಗ

ಪರಿಸ್ಥಿತಿ ಬದಲಾದರೆ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂನಡಿ ಹೆಚ್ಚಿಸಲೂ ಇಳಿಸಲೂ ಕೇಳಬಹುದು. ಮಗು ಪ್ರೌಢಶಾಲೆಗೆ ಹೋಯಿತು, ಕಾಯಿಲೆ ಬಂತು, ತಂದೆಗೆ ಬಡ್ತಿ ಸಿಕ್ಕಿತು, ಇಲ್ಲವೇ ನಿಜವಾಗಿಯೂ ಕೆಲಸ ಹೋಯಿತು, ಯಾವುದಾದರೂ ಸರಿ, ಮತ್ತೆ ಅದೇ ಅಫಿಡವಿಟ್, ಅದೇ ರಶೀದಿಗಳು. ಹೊಸ ಆದೇಶ ಬರುವವರೆಗೆ ಹಳೆಯ ಮೊತ್ತ ಕೊಡುತ್ತಲೇ ಇರಬೇಕು.

ಹದಿನೆಂಟು ತುಂಬುವ ಮೊದಲೇ ಮುಂದಿನದನ್ನು ಯೋಚಿಸಿ. ಅಂಗವೈಕಲ್ಯದಿಂದ ದುಡಿಯಲಾಗದ ಮಗುವಿಗೆ ವಯಸ್ಸಿನ ಮಿತಿಯಿಲ್ಲ, ವೈದ್ಯಕೀಯ ಪ್ರಮಾಣಪತ್ರ ಸಿದ್ಧವಿರಲಿ. ಹಿಂದೂ ಕುಟುಂಬದ ಅವಿವಾಹಿತ ಮಗಳು, ತನ್ನ ಆದಾಯ ಅಥವಾ ಆಸ್ತಿಯಿಂದ ಬದುಕಲಾಗದಿದ್ದರೆ, 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂನಡಿ ಆಮೇಲೂ ಕೇಳಬಹುದು; ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು.