ಆಫರ್ ಆಮೇಲೆ, ಮೊದ್ಲು ಗಿರಾಕಿಗೆ ಉಪಯೋಗ ಆಗೋದು ಕೊಡಿ: ಮನೆಯಿಂದ ಮಸಾಲೆ, ಹಿಟ್ಟು, ಕಾಫಿ ಪುಡಿ ಮಾರೋರಿಗೆ

ಮುಂಬೈ ಸುತ್ತಿನ ಡೊಂಬಿವ್ಲಿ, ಠಾಣೆ, ಮೀರಾ ರೋಡ್, ವಸಾಯಿ ಕಡೆ ನಮ್ಮ ಕನ್ನಡದೋರು ಎಷ್ಟು ಜನ ಮನೆಯಿಂದಲೇ ಎಂತಾದ್ರೂ ಮಾರ್ತಾರೆ ಅಂತ ಲೆಕ್ಕ ಹಾಕ್ಲಿಕ್ಕೆ ಹೋದ್ರೆ ಮುಗಿಯೋದಿಲ್ಲ, ಒಬ್ರು ಕುಂದಾಪುರ ಮಸಾಲೆ, ಇನ್ನೊಬ್ರು ಹಲಸಿನ ಹಪ್ಪಳ, ಮತ್ತೊಬ್ರು ದೋಸೆ ಹಿಟ್ಟು, ಕಾಫಿ ಪುಡಿ, ಕೋರಿ ರೊಟ್ಟಿ. ಆದ್ರೆ ಎಲ್ಲರ ವಾಟ್ಸಾಪ್ ಸ್ಟೇಟಸ್ ನೋಡಿದ್ರೆ ಒಂದೇ ತರ, ಕೆಂಪು ಅಕ್ಷರದಲ್ಲಿ 20% ಆಫ್, ಕೆಳಗೆ ಇವತ್ತೇ ಆರ್ಡರ್ ಮಾಡಿ. ನೋಡೋರು ಹೆಬ್ಬೆರಳಲ್ಲಿ ತಳ್ಳಿ ಮುಂದೆ ಹೋಗ್ತಾರೆ. ಯಾಕಂದ್ರೆ ಆ ಪೋಸ್ಟರ್‌ನಲ್ಲಿ ಅವರಿಗೆ ಬೇಕಾದ್ದು ಎಂತದ್ದೂ ಇಲ್ಲ, ನಿಮಗೆ ಬೇಕಾದ್ದು ಮಾತ್ರ ಉಂಟು.

ಗಿರಾಕಿಗೆ ಬೇಕಾದ್ದು ಎಂತ? ಮುಂಬೈಯಲ್ಲಿ ಮೂರೇ: ಟೈಮ್ ಉಳೀಬೇಕು, ಜಾಗ ಉಳೀಬೇಕು, ತಲೆಬಿಸಿ ಕಡಿಮೆ ಆಗ್ಬೇಕು. ದುಡ್ಡು ಅದರ ನಂತರ. ಸಂಜೆ ಏಳು ಗಂಟೆಗೆ ಲೋಕಲ್ ಟ್ರೈನ್‌ನಲ್ಲಿ ನಿಂತ್ಕೊಂಡು ಬಂದು ಅಡುಗೆಗೆ ಕೈ ಹಾಕೋರಿಗೆ ನಲ್ವತ್ತು ರೂಪಾಯಿ ಉಳೀತು ಅನ್ನೋದಕ್ಕಿಂತ ಇವತ್ತು ಸಾರು ಹಾಳಾಗ್ಲಿಲ್ಲ ಅನ್ನೋದೇ ದೊಡ್ಡದು. ಇದನ್ನ ವ್ಯಾಪಾರದಲ್ಲಿ ತರೋದು ಹೇಗೆ ಅಂತ ಒಂದೊಂದಾಗಿ ನೋಡುವ.

ಮೊದಲನೇದು: ಮಾರೋಕ್ಕೆ ಮುಂಚೆ ಕೇಳಿ

ಮಾಟುಂಗಾ ಕಡೆ ಒಳ್ಳೆ ಕಾಫಿ ಪುಡಿ ಅಂಗಡಿಗೆ ಹೋಗಿ ನಿಂತ್ಕೊಂಡು ನೋಡಿ. ಕೌಂಟರ್‌ನಲ್ಲಿ ಇರೋರು ಮೊದ್ಲು ಎಷ್ಟು ಕೆಜಿ ಅಂತ ಕೇಳೋದಿಲ್ಲ. ಫಿಲ್ಟರ್‌ಗಾ, ಮಷಿನ್‌ಗಾ, ಚಿಕೋರಿ ಎಷ್ಟು, ಇವಿಷ್ಟು ಕೇಳಿ ಆಮೇಲೆ ತೂಕಕ್ಕೆ ಬರ್ತಾರೆ. ಪುಡಿ ತೀರಾ ನುಣ್ಣಗಾದ್ರೆ ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯೋದೇ ಇಲ್ಲ, ತರಿಯಾದ್ರೆ ನೀರಿನ ಹಾಗೆ ಇಳೀತದೆ, ಅದಕ್ಕೇ ಆ ಪ್ರಶ್ನೆ. ನೀವೂ ಹಾಗೇ ಮಾಡಿ. ಹೊಸ ಗಿರಾಕಿ ಮೆಸೇಜ್ ಮಾಡಿದ ಕೂಡ್ಲೇ ರೇಟ್ ಲಿಸ್ಟ್ ಬಿಸಾಕ್ಬೇಡಿ. "ಅಕ್ಕಾ, ಮನೆಯಲ್ಲಿ ಎಷ್ಟು ಜನ? ಖಾರ ತಿಂತೀರಾ? ವಾರಕ್ಕೆ ಎಷ್ಟು ಸಲ ಮಾಡ್ತೀರಿ?" ಅಂತ ಕೇಳಿ, ಉತ್ತರ ಬಂದ್ಮೇಲೆ ಅವರಿಗೆ ಸರಿಹೋಗೋ ಒಂದೇ ಒಂದು ಸೈಜ್ ಹೇಳಿ.

ಇಲ್ಲಿ ಒಂದು ಮಾತು, ಕಾಫಿ ಪುಡಿ ಮಾರೋರಿಗೆ. ಚಿಕೋರಿ ಬೆರೆಸೋದು ತಪ್ಪಲ್ಲ, ನಮ್ಮಲ್ಲಿ ಸುಮಾರು ಜನರಿಗೆ ಅದೇ ರುಚಿ ಬೇಕು. ಆದ್ರೆ ಬೆರಕೆ ಪುಡಿಯಲ್ಲಿ ಕಾಫಿ 51% ಆದ್ರೂ ಇರ್ಬೇಕು, ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೀಬೇಕು, ಕಾನೂನೇ ಹಾಗೆ ಉಂಟು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕೋ ಬದ್ಲು ಮುಂದೆನೇ ದೊಡ್ಡದಾಗಿ 80:20 (ಕಾಫಿ 80, ಚಿಕೋರಿ 20) ಅಂತ ಹಾಕಿ, ಪಕ್ಕದಲ್ಲಿ ಸ್ಟ್ರಾಂಗ್ ಬೇಕಾದ್ರೆ ಇದು, ಪರಿಮಳ ಬೇಕಾದ್ರೆ ಅದು ಅಂತ ಒಂದು ಸಾಲು. ಪುಡಿ ಮಾಡಿಟ್ಟ ಕಾಫಿ ದಿನ ಹೋದ ಹಾಗೆ ಪರಿಮಳ ಕಳ್ಕೊಳ್ತದೆ, ಹಾಗಾಗಿ ಇಬ್ಬರೇ ಇರೋ ಮನೆಗೆ ಅರ್ಧ ಕೆಜಿ ತಲೆಗೆ ಕಟ್ಟೋದಕ್ಕಿಂತ 100 ಗ್ರಾಂ ತಗೊಳ್ಳಿ ಅಂತ ನೀವೇ ಹೇಳಿದ್ರೆ ಅವರು ಮತ್ತೆ ನಿಮ್ಮ ಹತ್ರಾನೇ ಬರ್ತಾರೆ.

ಎರಡನೇದು: ಡಿಸ್ಕೌಂಟ್‌ನ ಲೆಕ್ಕ ಪೇಪರ್ ಮೇಲೆ ಹಾಕಿ

ಇದನ್ನ ಜಾಸ್ತಿ ಜನ ಮಾಡೋದೇ ಇಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ. ಅರ್ಧ ಕೆಜಿ ಮಸಾಲೆ ಪ್ಯಾಕೆಟ್ 400 ರೂಪಾಯಿಗೆ ಮಾರ್ತೀರಿ ಅಂತ ಇಟ್ಕೊಳ್ಳಿ, ಮೆಣಸು, ಕೊತ್ತಂಬರಿ, ಹುರಿಯೋ ಗ್ಯಾಸ್, ಗಿರಣಿ, ಕವರ್ ಎಲ್ಲ ಸೇರಿ ಖರ್ಚು 300. ಉಳಿಯೋದು 100. ಇದಕ್ಕೆ 20% ಆಫ್ ಕೊಟ್ರೆ 80 ರೂಪಾಯಿ ಹೋಯ್ತು, ನಿಮ್ಮ ಕೈಗೆ 20. ಮೊದ್ಲು ಒಂದು ಪ್ಯಾಕೆಟ್‌ನಲ್ಲಿ ಸಿಕ್ತಿದ್ದ ಲಾಭಕ್ಕೆ ಈಗ ಐದು ಪ್ಯಾಕೆಟ್ ಹುರಿದು, ಕುಟ್ಟಿಸಿ, ಡೆಲಿವರಿ ಮಾಡ್ಬೇಕು. ಮೈ ಕೈ ನೋವು ಬೇರೆ. ಅಷ್ಟಾದ್ಮೇಲೂ ಬಂದ ಗಿರಾಕಿ ರೇಟ್‌ಗೋಸ್ಕರ ಬಂದೋರು, ನಾಳೆ ಪಕ್ಕದ ಬಿಲ್ಡಿಂಗ್‌ನಲ್ಲಿ ಯಾರಾದ್ರೂ 25% ಅಂದ್ರೆ ಅಲ್ಲಿಗೆ ಹೋಗ್ತಾರೆ.

ಅದರ ಬದ್ಲು, ಅದೇ ಮಸಾಲೆಯಲ್ಲಿ ರುಚಿ ನೋಡ್ಲಿಕ್ಕೆ ಫ್ರೀಯಾಗಿ ಕೊಡೋ 25 ಗ್ರಾಂ ಪುಟ್ಟ ಪ್ಯಾಕೆಟ್ ಮಾಡಿದ್ರೆ ನಿಮಗೆ ಬೀಳೋ ಖರ್ಚು 15 ರೂಪಾಯಿ. ಅರ್ಧ ಕೆಜಿ ಕೋಳಿಗೆ ಧಾರಾಳ ಸಾಕು, ಅಂದ್ರೆ ಒಂದು ಮನೆಯ ಒಂದು ಭಾನುವಾರದ ಊಟ. ಜೊತೆಗೆ ಒಂದು ಚೀಟಿ: ತೆಂಗಿನಕಾಯಿ ಎಷ್ಟು, ಹುಳಿ ಎಷ್ಟು, ಮಸಾಲೆ ಯಾವಾಗ ಹಾಕೋದು. ಚೀಟಿ ಕನ್ನಡದಲ್ಲಿ ಒಂದು ಕಡೆ, ಹಿಂದೆ ಮರಾಠಿಯಲ್ಲಿ, ಯಾಕಂದ್ರೆ ನಿಮ್ಮ ಮುಂದಿನ ಗಿರಾಕಿ ಎದುರುಮನೆ ಮರಾಠಿ ಕಾಕೂನೇ ಇರ್ಬಹುದು. ಒಂದು ಆಫರ್‌ನಲ್ಲಿ ಹೋಗೋ 80 ರೂಪಾಯಿಯಲ್ಲಿ ಹೀಗೆ ಐದು ಮನೆಗೆ ಊಟ ಹಾಕ್ಬಹುದು, ಚಿಲ್ಲರೆ ಬೇರೆ ಉಳೀತದೆ.

ಹಾಗಂತ ಸಿಕ್ಕಿದೋರಿಗೆಲ್ಲ ಹಂಚ್ಬೇಡಿ. ಕೇಳಿದೋರಿಗೆ, ಮಾಡಿ ನೋಡ್ತೀನಿ ಅಂದೋರಿಗೆ ಮಾತ್ರ.

ಮೂರನೇದು: ಅವರು ಕೊಳ್ಳದಿದ್ರೂ ಉಪಯೋಗ ಆಗೋ ವಿಷ್ಯ ಹೇಳಿ

ಮಾರ್ಕೆಟಿಂಗ್ ಅಂದ್ರೆ ಇದೇ ಅಂತ ನನ್ನ ಅಭಿಪ್ರಾಯ, ಉಳಿದದ್ದೆಲ್ಲ ಗಲಾಟೆ. ನಿಮ್ಮ ಅಡುಗೆಮನೆಯಲ್ಲಿ ನಿಮಗೆ ಗೊತ್ತಿರೋದು ಎಷ್ಟೋ ಉಂಟು, ಅದು ಗಿರಾಕಿಗೆ ಗೊತ್ತಿಲ್ಲ, ನಿಮಗೆ ಅದು ಹೇಳೋ ವಿಷ್ಯ ಅಂತ ಅನ್ಸೋದೂ ಇಲ್ಲ.

ಬ್ಯಾಡಗಿ ಮೆಣಸನ್ನೇ ತಗೊಳ್ಳಿ. ಮರಾಠಿ ಗಿರಾಕಿಗಳು ಕುಂದಾಪುರ ಮಸಾಲೆಯ ಬಣ್ಣ ನೋಡಿಯೇ ಹೆದರ್ತಾರೆ, ಅಷ್ಟು ಕೆಂಪು ಅಂದ್ರೆ ಬಾಯಿ ಉರಿದು ಹೋಗ್ತದೆ ಅಂತ. ಆದ್ರೆ ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ ಖಾರ ಕಡಿಮೆ, ಹಾವೇರಿ ಕಡೆಯ ಆ ಮೆಣಸಿಗೆ 2011ರಲ್ಲಿ ಆ ಊರಿನದ್ದೇ ಮಾಲು ಅಂತ ಗುರುತಿಸೋ ಜಿಐ ಟ್ಯಾಗ್ ಕೂಡ ಸಿಕ್ಕಿದೆ, ಖಾರ ಬೇಕಾದ್ರೆ ಗುಂಟೂರು ಮೆಣಸು ಸೇರಿಸ್ಬೇಕು. ಇದಿಷ್ಟು ಒಂದು ನಿಮಿಷದ ವಿಡಿಯೋದಲ್ಲಿ ಎರಡೂ ಮೆಣಸು ಕೈಯಲ್ಲಿ ಹಿಡ್ಕೊಂಡು ಹೇಳಿ. ಅವರು ನಿಮ್ಮ ಹತ್ರ ಮಸಾಲೆ ತಗೊಳ್ದೆ ಮುಂಬೈಯ ಮಸಾಲೆ ಮಾರ್ಕೆಟ್ ಲಾಲ್‌ಬಾಗ್‌ಗೆ ಹೋಗಿ ಮೆಣಸು ತಂದು ಅಲ್ಲೇ ಕುಟ್ಟಿಸ್ಕೊಂಡ್ರೂ ಪರ್ವಾಗಿಲ್ಲ, ಆ ವಿಷ್ಯ ಯಾರು ಹೇಳಿದ್ದು ಅನ್ನೋದು ನೆನಪಿರ್ತದೆ.

ಹಿಟ್ಟು ಮಾರೋರು ಪ್ಯಾಕೆಟ್ ಮೇಲೆ ತಾರೀಕು ಮಾತ್ರ ಹಾಕ್ತಾರೆ. ಅರೆದ ಹೊತ್ತೂ ಹಾಕಿ ಮಾರಾಯ್ರೇ! ಮೇ ತಿಂಗಳ ಮುಂಬೈ ಸೆಕೆಯಲ್ಲಿ ಬೆಳಿಗ್ಗೆ ಅರೆದ ಹಿಟ್ಟಿಗೂ ರಾತ್ರಿ ಅರೆದದ್ದಕ್ಕೂ ಅಜಗಜಾಂತರ. ಇವತ್ತು ಇಡ್ಲಿ, ನಾಳೆ ದೋಸೆ, ನಾಡಿದ್ದು ಉಳಿದ್ರೆ ಈರುಳ್ಳಿ ಹಾಕಿ ಪಡ್ಡು, ಹೀಗೆ ಬರೆದು ಕೊಟ್ರೆ ಗಿರಾಕಿಯ ಮೂರು ದಿನದ ತಿಂಡಿ ಯೋಚನೆ ಮುಗೀತು. ಕೋರಿ ರೊಟ್ಟಿ, ಹಪ್ಪಳ ಮಾರೋರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಳೋದು ಒಂದೇ: ಕವರ್ ಒಡೆದ ಕೂಡ್ಲೇ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ರೊಟ್ಟಿ ಮೆತ್ತಗಾದ್ರೆ ಕಾವಲಿ ಮೇಲೆ ಬರೀ ಬಿಸಿ ಮಾಡಿ. ಮಳೆಗಾಲದಲ್ಲಿ ಬರೋ ಕಂಪ್ಲೇಂಟ್ ಅರ್ಧ ಇದ್ರಲ್ಲೇ ನಿಂತು ಹೋಗ್ತದೆ.

ನಾಲ್ಕು ಮೆಸೇಜ್ ಹಾಕಿದ್ರೆ ಮೂರು ಇಂಥದ್ದು, ಒಂದು ಮಾತ್ರ ಮಾರೋದು. ಕಾನೂನೇನಿಲ್ಲ, ನನ್ನ ಅಂದಾಜು ಅಷ್ಟೇ.

ನಾಲ್ಕನೇದು: ರೇಟ್ ಪೂರ್ತಿ ಹೇಳಿ, ಮೊದ್ಲೇ ಹೇಳಿ

"ರೇಟ್‌ಗೆ ಇನ್‌ಬಾಕ್ಸ್ ಮಾಡಿ" ಅನ್ನೋದು ನನಗೆ ಸುತಾರಾಂ ಇಷ್ಟ ಇಲ್ಲ. ಮುಖ ನೋಡಿ ಮಣೆ ಹಾಕ್ತಾರೆ ಅಂತಲೇ ಜನ ತಿಳ್ಕೊಳ್ಳೋದು. ತೂಕ, ರೇಟ್, ಡೆಲಿವರಿ ಎಷ್ಟು, ಎಷ್ಟಕ್ಕಿಂತ ಮೇಲೆ ಫ್ರೀ, ಯಾವ ಸ್ಟೇಷನ್‌ನಲ್ಲಿ ಯಾವ ಹೊತ್ತಿಗೆ ಕೊಡ್ತೀರಿ, ಎಲ್ಲ ಒಂದೇ ಕಡೆ. ದಾದರ್ ಬ್ರಿಡ್ಜ್ ಮೇಲೆ ಆರೂವರೆ ಅಂದ್ರೆ ಆರೂವರೆಗೆ ಅಲ್ಲಿರಿ, ಗಿರಾಕಿಯ ಲೋಕಲ್ ನಿಮಗೋಸ್ಕರ ಕಾಯೋದಿಲ್ಲ.

ಮೊದ್ಲು ಕಡಿಮೆ ರೇಟ್ ತೋರಿಸಿ ಕೊನೆಗೆ ಪ್ಯಾಕಿಂಗು, ಹ್ಯಾಂಡ್ಲಿಂಗು ಅಂತ ಸೇರಿಸೋದಕ್ಕೆ ಡ್ರಿಪ್ ಪ್ರೈಸಿಂಗ್ ಅಂತಾರೆ. ಸ್ಟಾಕ್ ರಾಶಿ ಇದ್ರೂ ಇನ್ನು ಎರಡೇ ಪ್ಯಾಕೆಟ್ ಉಳಿದದ್ದು ಅಂತ ಸುಳ್ಳು ಅವಸರ ಹುಟ್ಟಿಸೋದು ಇನ್ನೊಂದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ಕ್ಕೆ ಗಿರಾಕಿಯನ್ನ ದಾರಿ ತಪ್ಪಿಸೋ ಇಂಥ 13 ಡಾರ್ಕ್ ಪ್ಯಾಟರ್ನ್‌ಗಳನ್ನ ಪಟ್ಟಿ ಮಾಡಿ ಆನ್‌ಲೈನ್ ಮಾರಾಟದಲ್ಲಿ ಮಾಡಬಾರದು ಅಂತ ಹೇಳಿದೆ. ದೊಡ್ಡ ಆ್ಯಪ್‌ಗಳು ಮಾಡ್ತವೆ, ನಾವ್ಯಾಕೆ ಮಾಡ್ಬಾರ್ದು ಅಂತ ಕೇಳೋರಿದ್ದಾರೆ. ಆ್ಯಪ್‌ನೋರು ದಿನಾ ಲಿಫ್ಟ್‌ನಲ್ಲಿ ಗಿರಾಕಿಯ ಮುಖ ನೋಡ್ಬೇಕಾಗಿಲ್ಲ, ನೀವು ನೋಡ್ಬೇಕು.

ಲೇಬಲ್ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ: ಆಹಾರ ಸುರಕ್ಷತಾ ಪ್ರಾಧಿಕಾರ ಕೊಡೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಕವರ್ ಬಿಟ್ಟು ಒಳಗಿನ ಮಾಲಿನ ತೂಕ, ಟ್ಯಾಕ್ಸ್ ಸೇರಿದ ಎಂಆರ್‌ಪಿ, ಯಾವಾಗ ತಯಾರಾದದ್ದು, ಎಷ್ಟು ದಿನ ಬಾಳ್ತದೆ, ಏನೇನು ಹಾಕಿದ್ದೀರಿ, ನಿಮ್ಮ ವಿಳಾಸ, ಫೋನ್.

ಐದನೇದು: ನಿಮಗೆ ಇದು ಬೇಡ ಅಂತ ಹೇಳೋದು

ಕಷ್ಟದ ಹೆಜ್ಜೆ. ಅಜ್ಜಿಗೆ ಅಲ್ಸರ್ ಉಂಟು, ಹುಳಿ ಖಾರದ ಪುಳಿಮುಂಚಿ ಮಸಾಲೆ ಕೊಡಿ ಅಂದ್ರೆ ಅದು ಬೇಡ, ಮೆಣಸು ಕಮ್ಮಿ ಇರೋ ಸಾರಿನ ಪುಡಿ ಸಾಕು ಅಂತ ಹೇಳೋ ಧೈರ್ಯ ಬೇಕು. ಒಂದು ಕೊಂಡ್ರೆ ಒಂದು ಫ್ರೀ ಅಂತ ಎರಡು ಕೆಜಿ ಕೊಟ್ರೆ ಒಂದು ರೂಮು ಒಂದು ಅಡುಗೆಮನೆಯ ಒನ್ ಆರ್‌ಕೆ ಮನೆಯೋರು ಅದನ್ನ ಎಲ್ಲಿ ಇಡ್ತಾರೆ? ಮಾಟುಂಗಾ ಸ್ಟೇಷನ್ ಹತ್ರದ ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೀತಾ ಉಂಟು, ಅಲ್ಲಿ ಹೊಟ್ಟೆ ತುಂಬ ಉಣ್ಣೋರಿಗೆ ಬಾಳೆಎಲೆ ಊಟ, ಅಷ್ಟು ಬೇಡ ಅನ್ನೋರಿಗೆ ಪ್ಲೇಟ್ ಊಟ. ಕಡಿಮೆ ತಿನ್ನೋರ ಹತ್ರ ಜಾಸ್ತಿಯ ದುಡ್ಡು ಯಾಕೆ ತಗೊಳ್ಬೇಕು.

ಇದೇ ಸಾಲಿನಲ್ಲಿ ಒಂದು ಎಚ್ಚರಿಕೆ. ರಾಗಿ ಹುರಿಹಿಟ್ಟು, ಮೆಂತೆ ಪುಡಿ ಮಾರೋರು "ಶುಗರ್ ವಾಸಿ ಆಗ್ತದೆ" ಅಂತ ಬರೀತಾರೆ. ದಯವಿಟ್ಟು ಬೇಡ. ಡಯಾಬಿಟಿಸ್ ಗುಣ ಮಾಡ್ತೇವೆ ಅಂತ ಜಾಹೀರಾತು ಕೊಡೋದನ್ನ 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ, ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಉಂಟು. ದಂಡ ಬಿಡಿ, ನಿಮ್ಮ ಮಾತು ನಂಬಿ ಯಾರಾದ್ರೂ ಮಾತ್ರೆ ನಿಲ್ಲಿಸಿದ್ರೆ?

ನಮ್ಮಲ್ಲಿ ಇನ್ಶೂರೆನ್ಸ್ ಏಜೆಂಟರೂ ಸುಮಾರು ಜನ ಇದ್ದಾರೆ, ಅವರಿಗೂ ಈ ಹೆಜ್ಜೆ ಸಲ್ತದೆ. ಲೈಫ್ ಪಾಲಿಸಿ ಕೈಗೆ ಸಿಕ್ಕಿ 30 ದಿನದೊಳಗೆ ಬೇಡ ಅನ್ಸಿದ್ರೆ ವಾಪಸ್ ಮಾಡ್ಬಹುದು ಅನ್ನೋದನ್ನ ಗಿರಾಕಿ ಕೇಳೋ ಮುಂಚೆ ನೀವೇ ಹೇಳಿ.

ಆರನೇದು: ವಾಟ್ಸಾಪ್‌ನಲ್ಲಿ ಮರ್ಯಾದೆ

ಊರಿನ ಸಂಘದ ಗ್ರೂಪ್‌ನಲ್ಲಿ ಯಾರದ್ದೋ ತಿಥಿ ಸುದ್ದಿ ಕೆಳಗೆ ಹಪ್ಪಳದ ಪೋಸ್ಟರ್ ಹಾಕ್ಬೇಡಿ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದು ಲಿಸ್ಟ್‌ಗೆ 256 ಜನರನ್ನ ಸೇರಿಸ್ಬಹುದು, ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಮೆಸೇಜ್ ಹೋಗ್ತದೆ. ಇದನ್ನ ಕೆಲವರು ತೊಂದ್ರೆ ಅಂತಾರೆ, ನನ್ನ ಪ್ರಕಾರ ಇದೇ ಒಳ್ಳೇದು, ನಿಮ್ಮ ಮೆಸೇಜ್ ಯಾರಿಗೆ ನಿಜವಾಗಿ ಬೇಕು ಅಂತ ತಾನಾಗಿಯೇ ಸೋಸಿ ಬರ್ತದೆ. ಬೇಡ ಅಂದೋರನ್ನ ಅವತ್ತೇ ತೆಗೀರಿ, ಯಾಕೆ ಅಂತ ಕೇಳ್ಬೇಡಿ.

ಕೊನೇದು: ಮಾರಿದ ಮೇಲೆ

ವಾರ ಬಿಟ್ಟು ಒಂದು ಮೆಸೇಜ್: "ಹೇಗಾಯ್ತು, ಉಪ್ಪು ಖಾರ ಸರಿ ಇತ್ತಾ?" ಅಷ್ಟೇ, ಅದರ ಬಾಲಕ್ಕೆ ಹೊಸ ಆಫರ್ ಸೇರಿಸ್ಬೇಡಿ. ಚೆನ್ನಾಗಿಲ್ಲ ಅಂದ್ರೆ ವಾದ ಮಾಡದೆ ಎಂತ ಮಾಡಿದ್ರಿ ಅಂತ ವಿಚಾರಿಸಿ. ಸುಮಾರು ಸಲ ಮಸಾಲೆ ಸರಿಯೇ ಇರ್ತದೆ, ಕಾಯಿ ಕಡಿಮೆ ಹಾಕಿರ್ತಾರೆ, ಹಾಗಾದ್ರೆ ನಿಮ್ಮ ಚೀಟಿ ಸರಿಯಿಲ್ಲ, ಅದನ್ನ ತಿದ್ದಿ. ಮಾಲೇ ಹಾಳಾಗಿದ್ರೆ ದುಡ್ಡು ವಾಪಸ್, ಫೋಟೋ ಕಳ್ಸಿ, ಪ್ಯಾಕೆಟ್ ತನ್ನಿ ಅಂತ ಸತಾಯಿಸ್ಬೇಡಿ.

ಲೆಕ್ಕದ ಪುಸ್ತಕದಲ್ಲಿ ಎಷ್ಟು ಮಾರಾಟ ಆಯ್ತು ಅನ್ನೋ ಕಾಲಮ್ ಪಕ್ಕ ಇನ್ನೆರಡು ಹಾಕಿ: ಎರಡನೇ ಸಲ ತಗೊಂಡೋರು ಎಷ್ಟು, ಬೇರೆಯೋರ ಬಾಯಿಂದ ಕೇಳಿ ಬಂದೋರು ಎಷ್ಟು. ಲೈಕು, ವ್ಯೂಸು ಬರೆಯೋ ಅಗತ್ಯ ಇಲ್ಲ. ಈ ಊರಲ್ಲಿ ವರ್ಷದ ಮಸಾಲೆ ಮಾಡಿಸೋ ಸೀಸನ್ ಏಪ್ರಿಲ್, ಮೇ, ಮಳೆ ಬರೋ ಮುಂಚೆ ಎಲ್ಲರ ಡಬ್ಬಿ ತುಂಬಿರ್ತದೆ, ಹಾಗಾಗಿ 25 ಗ್ರಾಂ ಪ್ಯಾಕೆಟ್, ಚೀಟಿ, ಮೆಣಸಿನ ವಿಡಿಯೋ ಎಲ್ಲ ಫೆಬ್ರವರಿಯಲ್ಲೇ ತಯಾರಿಟ್ಟು ಮಾರ್ಚ್‌ನಲ್ಲಿ ಹಂಚಿ. ರುಚಿ ನೋಡಿ ಯೋಚನೆ ಮಾಡ್ಲಿಕ್ಕೆ ಗಿರಾಕಿಗೂ ಒಂದೆರಡು ಭಾನುವಾರ ಬೇಕಲ್ಲ.